ಗಣಿತಶಾಸ್ತ್ರದ ಶಾಖಾವಿಭಾಗ
(ಸಭೆಯಲ್ಲಿ ಮಾಡಿದ ಉಪನ್ಯಾಸ)



ಗಣಿತವೆಂಬ ಮಾತು ಕಿವಿಗೆ ಬಿದ್ದೊಡನೆಯೇ ಬಹುಮಂದಿಗೆ ನೆನಪಾಗುವುದು ಮಗ್ಗಿಯ ಪುಸ್ತಕ. ಇಪ್ಪತ್ತರ ಮಗ್ಗಿಯನ್ನು ಸರಾಗವಾಗಿ ಒಪ್ಪಿಸಿದ ಹುಡುಗನಿಗೆ ಗಣಿತವು ಬರುವುದೆಂದೂ, ಹದಿಮೂರರಲ್ಲಿಯೇ ತಡವರಿಸಿ ನಿಂತವನಿಗೆ ಅದು ಈ ಜನ್ಮದಲ್ಲಿ ಬಾರದೆಂದೂ ಮನೆಯ ಹಿರಿಯರು ತೀರ್ಪು ಕೊಟ್ಟುಬಿಡುವರು. ಆ ತೀರ್ಪು ಒಮ್ಮೆ ಬಿದ್ದಿತೆಂದರೆ ಮಗುವಿನ ಪಾಲಿಗೆ ಒಂದು ಮಹಾಶಾಸ್ತ್ರದ ಬಾಗಿಲೇ ಮುಚ್ಚಿದಂತಾಗುವುದು. ಆದರೆ ಫ್ರಾನ್ಸ್ ದೇಶದ ಆಂರಿ ಪ್ವಾಂಕರೆ (1854–1912) ಎಂಬ ಪಂಡಿತನು, ಕೂಡುವ ಲೆಕ್ಕವೊಂದನ್ನು ತಪ್ಪಿಲ್ಲದೆ ಮಾಡುವುದು ತನ್ನಿಂದಾಗದ ಕೆಲಸವೆಂದು ತಾನೇ ಬರೆದಿಟ್ಟಿರುವನು. ಅಂತಹವನು 1895ರಲ್ಲಿ ಪ್ರಕಟಿಸಿದ ಪ್ರಬಂಧವೊಂದರಿಂದ ಗಣಿತದಲ್ಲಿ ಒಂದು ಹೊಸ ಶಾಖೆಗೆ ಭದ್ರವಾದ ತಳಹದಿ ಬಿದ್ದಿತು. ಕೂಡುವ ಲೆಕ್ಕದಲ್ಲಿ ತಪ್ಪುವವನು ತನ್ನ ಕಾಲದ ಅಗ್ರಗಣ್ಯ ಗಣಿತಜ್ಞರಲ್ಲಿ ಒಬ್ಬನಾದುದು ಹೇಗೆ? ಅಂಕಗಣಿತವು ಗಣಿತದ ಒಂದು ಕೊಂಬೆಯೇ ಹೊರತು ಮರವಲ್ಲ ಎಂಬುದೇ ಇದಕ್ಕೆ ಉತ್ತರ. ಹಾಗಾದರೆ ಉಳಿದ ಕೊಂಬೆಗಳು ಯಾವುವು, ಯಾವ ಗುರುತಿನಿಂದ ಒಂದನ್ನು ಮತ್ತೊಂದರಿಂದ ಬೇರೆಯೆಂದು ತಿಳಿಯುವುದು ಎಂಬುದು ಇಲ್ಲಿ ವಿಚಾರಿಸತಕ್ಕ ವಿಷಯ.

ಶಾಖೆಗಳು ಬೇರೆಯಾಗಿರುವುದು ಅವು ನೋಡುವ ವಸ್ತುಗಳು ಬೇರೆಯಾಗಿರುವುದರಿಂದ ಎಂದು ಮೊದಲಿಗೆ ತೋರುವುದು ಸಹಜ. ಅಂಕಿಗಳಿದ್ದರೆ ಅಂಕಗಣಿತ, ಗೆರೆಗಳಿದ್ದರೆ ರೇಖಾಗಣಿತ, ಅಕ್ಷರಗಳಿದ್ದರೆ ಬೀಜಗಣಿತವೆಂದು ಶಾಲೆಯ ಮಕ್ಕಳು ಹೇಳುವರು. ಇದು ಹೊರಗಣ್ಣಿನ ಗುರುತು. ಊರಿನ ಒಂದು ದುಂಡು ಬಾವಿಯನ್ನೇ ತೆಗೆದುಕೊಳ್ಳಬಹುದು. ಅದರ ಗೋಡೆಗೆ ಎಷ್ಟು ಕಲ್ಲುಗಳು ಬಿದ್ದಿವೆ ಎಂದು ಕೇಳಿದರೆ ಅದು ಎಣಿಕೆಯ ಪ್ರಶ್ನೆ, ಅಂಕಗಣಿತಕ್ಕೆ ಸೇರಿದುದು. ಬಾಯಿಯ ಅಗಲ ಇಷ್ಟಿದ್ದರೆ ಸುತ್ತಳತೆ ಎಷ್ಟು ಎಂದು ಕೇಳಿದರೆ ಅದು ಆಕಾರದ ಪ್ರಶ್ನೆ, ರೇಖಾಗಣಿತದ್ದು. ತೆಗೆದ ಮಣ್ಣಿನ ಲೆಕ್ಕ ತಿಳಿದಿದೆ, ಅಗಲವೂ ತಿಳಿದಿದೆ, ತಿಳಿಯದಿರುವ ಆಳವನ್ನು ಹಿಂದುಹಿಂದಾಗಿ ಹುಡುಕಬೇಕೆಂದರೆ ಬೀಜಗಣಿತವು ಬೇಕಾಗುವುದು. ಒರತೆಯ ನೀರು ಮೊದಲು ವೇಗವಾಗಿ, ಮೇಲೇರಿದಂತೆ ನಿಧಾನವಾಗಿ ತುಂಬುವುದಷ್ಟೆ. ಈ ಕ್ಷಣದಲ್ಲಿ ಏರುವ ವೇಗವೆಷ್ಟು, ಹೀಗೆಯೇ ಸಾಗಿದರೆ ಬೆಳಗಾಗುವ ವೇಳೆಗೆ ನೀರು ಎಲ್ಲಿರುವುದು ಎಂದು ಕೇಳಿದರೆ ಅದು ಕಲನಶಾಸ್ತ್ರದ ಪ್ರಶ್ನೆ. ಹಿಂದಿನ ಹಲವು ವರ್ಷಗಳ ಮಳೆಯನ್ನು ನೋಡಿ ಮುಂದಿನ ಚೈತ್ರದಲ್ಲಿ ಬಾವಿಯು ಬತ್ತುವ ಸಂಭವವೆಷ್ಟು ಎಂದು ಕೇಳುವುದು ಸಂಭಾವ್ಯತೆಯ ಶಾಸ್ತ್ರ. ಕಡೆಗೆ, ಸೇದುವ ಹಗ್ಗವು ಸಿಕ್ಕಾಗಿದೆ; ಅದರ ಎರಡು ತುದಿಗಳನ್ನೂ ಒಂದಕ್ಕೊಂದು ಹೊಸೆದು ಕೂಡಿಸಿಬಿಟ್ಟರೆ, ಕತ್ತರಿಸದೆ ಆ ಸಿಕ್ಕನ್ನು ಬಿಡಿಸಲಾದೀತೇ? ಇಲ್ಲಿ ಹಗ್ಗದ ಉದ್ದವೂ ದಪ್ಪವೂ ಬೇಕಿಲ್ಲ, ಅದು ಸುತ್ತಿಕೊಂಡಿರುವ ಬಗೆಯೊಂದೇ ಬೇಕು. ಟೊಪಾಲಜಿ ಎಂದು ಇಂದು ಹೆಸರಾಗಿರುವ, ಪ್ವಾಂಕರೆಯು ತಳಹದಿ ಹಾಕಿದ ಶಾಖೆಯು ಇದೇ. ಬಾವಿಯೊಂದೇ, ಶಾಖೆಗಳು ಆರು. ಭೇದವಿರುವುದು ಬಾವಿಯಲ್ಲಲ್ಲ, ಕೇಳುವ ಪ್ರಶ್ನೆಯಲ್ಲಿ. ಇನ್ನೂ ಸರಿಯಾಗಿ ಹೇಳುವುದಾದರೆ, ಪ್ರತಿಯೊಂದು ಶಾಖೆಯೂ ಯಾವುದನ್ನು ಹಿಡಿದು ಯಾವುದನ್ನು ಬಿಟ್ಟುಬಿಡುವುದೋ ಅದರಲ್ಲಿ.

ಈ ಮಾತು ಇಂದು ಸುಲಭವಾಗಿ ಕಾಣುವುದಾದರೂ ಇಲ್ಲಿಗೆ ಬರುವುದಕ್ಕೆ ಮನುಷ್ಯರಿಗೆ ಎರಡು ಸಾವಿರ ವರ್ಷಗಳಿಗೂ ಹೆಚ್ಚು ಕಾಲ ಹಿಡಿಯಿತು. ನಡುವೆ ಹಾಕಿಕೊಂಡ ಒಂದು ತಪ್ಪು ಬೇಲಿಯಿಂದ ಆದ ನಷ್ಟವೂ ಅಲ್ಪವಲ್ಲ.

ಭಾರತೀಯರು ಮಾಡಿಕೊಂಡ ವಿಭಾಗವು ಮುಖ್ಯವಾಗಿ ಕೆಲಸದ ರೀತಿಯನ್ನು ಅನುಸರಿಸಿದುದು. ಕ್ರಿ. ಶ. 628ರಲ್ಲಿ ಬ್ರಾಹ್ಮಸ್ಫುಟಸಿದ್ಧಾಂತವನ್ನು ರಚಿಸಿದ ಬ್ರಹ್ಮಗುಪ್ತನು ಇಪ್ಪತ್ತು ಪರಿಕರ್ಮಗಳನ್ನೂ ಎಂಟು ವ್ಯವಹಾರಗಳನ್ನೂ ಬಲ್ಲವನೇ ಗಣಕನೆಂದು ಲಕ್ಷಣ ಹೇಳಿದನು. ಕೂಡುವುದು, ಕಳೆಯುವುದು, ವರ್ಗ, ವರ್ಗಮೂಲ, ತ್ರೈರಾಶಿಕ ಮೊದಲಾದವು ಪರಿಕರ್ಮಗಳು. ವ್ಯವಹಾರಗಳಾದರೋ ಮಿಶ್ರ, ಶ್ರೇಢೀ, ಕ್ಷೇತ್ರ, ಖಾತ, ಚಿತಿ, ಕ್ರಾಕಚಿಕ, ರಾಶಿ, ಛಾಯಾ ಎಂದು ಎಂಟು. ಅಸಲು ಬಡ್ಡಿಗಳ ಲೆಕ್ಕವು ಮಿಶ್ರದಲ್ಲಿ ಬರುವುದು. ಏರುತ್ತ ಹೋಗುವ ಸಾಲುಗಳು ಶ್ರೇಢಿಯಲ್ಲಿ. ಹೊಲಗದ್ದೆಗಳಂತಹ ಆಕೃತಿಗಳ ಅಳತೆ ಕ್ಷೇತ್ರದಲ್ಲಿ. ಬಾವಿ ಕೆರೆಗಳ ಅಗೆತ ಖಾತದಲ್ಲಿ. ಇಟ್ಟಿಗೆಯ ಒಟ್ಟಿಲು ಚಿತಿಯಲ್ಲಿ. ಗರಗಸದಿಂದ ಮರ ಕೊಯ್ಯುವ ಲೆಕ್ಕ ಕ್ರಾಕಚಿಕದಲ್ಲಿ. ಕಣದ ಧಾನ್ಯದ ರಾಶಿಯ ಅಳತೆ ರಾಶಿಯಲ್ಲಿ. ನೆರಳಿನಿಂದ ಎತ್ತರವನ್ನು ತಿಳಿಯುವುದು ಛಾಯೆಯಲ್ಲಿ. ಬಡಗಿ, ಒಡ್ಡ, ಸಾಹುಕಾರ, ಒಕ್ಕಲಿಗ ಎಲ್ಲರಿಗೂ ಇದರಲ್ಲಿ ಒಂದೊಂದು ಮನೆಯುಂಟು. ಶಾಸ್ತ್ರವನ್ನು ಊರಿನ ಕಸುಬುಗಳ ಲೆಕ್ಕದಲ್ಲಿ ಹಂಚಿದ ಇಂತಹ ವಿಭಾಗವು ನೋಡುವುದಕ್ಕೆ ಬಹಳ ಸೊಗಸಾದುದು.

ಕನ್ನಡ ನಾಡಿಗೂ ಈ ಪರಂಪರೆಯಲ್ಲಿ ದೊಡ್ಡ ಪಾಲಿದೆ. ರಾಷ್ಟ್ರಕೂಟ ಚಕ್ರವರ್ತಿ ಅಮೋಘವರ್ಷ ನೃಪತುಂಗನ ಕಾಲದಲ್ಲಿ, 9ನೆಯ ಶತಮಾನದಲ್ಲಿ, ಮಹಾವೀರಾಚಾರ್ಯನು ಗಣಿತಸಾರಸಂಗ್ರಹವನ್ನು ಬರೆದು ಆ ಅರಸನನ್ನು ಗ್ರಂಥಾರಂಭದಲ್ಲಿ ಸ್ತುತಿಸಿದನು. ಮದರಾಸಿನಲ್ಲಿ 1912ರಲ್ಲಿ ರಂಗಾಚಾರ್ಯರು ಇಂಗ್ಲಿಷ್ ಅನುವಾದದೊಡನೆ ಇದನ್ನು ಅಚ್ಚುಮಾಡಿಸಿದ ಮೇಲೆ ಇದರ ಕೀರ್ತಿಯು ಹೊರದೇಶಗಳಿಗೂ ಹರಡಿತು. ಅಲ್ಲಿಯವರೆಗೆ ಗಣಿತವು ಸಾಮಾನ್ಯವಾಗಿ ಜ್ಯೋತಿಷಗ್ರಂಥಗಳ ಒಂದೆರಡು ಅಧ್ಯಾಯಗಳಾಗಿ ಅಡಗಿರುತ್ತಿದ್ದರೆ, ಮಹಾವೀರನು ಗ್ರಹಗಳ ವಿಚಾರವನ್ನು ಬಿಟ್ಟು ಗಣಿತವೊಂದಕ್ಕೇ ಒಂಬತ್ತು ಅಧ್ಯಾಯಗಳ ಗ್ರಂಥವನ್ನು ಮೀಸಲಿಟ್ಟನು. ಸಂಗೀತ, ನಾಟಕ, ಅಡುಗೆ, ವೈದ್ಯ, ವಾಸ್ತು, ಛಂದಸ್ಸು, ವ್ಯಾಕರಣ ಇವೆಲ್ಲಕ್ಕೂ ಗಣಿತವು ಬೇಕೆಂಬ ಅವನ ಮಾತಿನ ಅಭಿಪ್ರಾಯವು ಪ್ರಸಿದ್ಧವಾಗಿದೆ. ಋಣಸಂಖ್ಯೆಗೆ ವರ್ಗಮೂಲವಿಲ್ಲವೆಂದು ಸ್ಪಷ್ಟವಾಗಿ ಹೇಳಿದವನೂ ಇವನೇ. 12ನೆಯ ಶತಮಾನದಲ್ಲಿ ರಾಜಾದಿತ್ಯನು ವ್ಯವಹಾರಗಣಿತ, ಕ್ಷೇತ್ರಗಣಿತ ಎಂದು ಕನ್ನಡದಲ್ಲಿಯೇ ಗ್ರಂಥಗಳನ್ನು ಬರೆದನು. ಆ ಹೆಸರುಗಳಲ್ಲಿಯೇ ಶಾಖಾಭೇದವು ಕಾಣುತ್ತದೆಯಲ್ಲವೇ?

ಈ ಎಲ್ಲ ವ್ಯವಹಾರಗಳ ಮೇಲೆ ಇನ್ನೊಂದು ದೊಡ್ಡ ಗೆರೆಯಿತ್ತು. 1114ರಲ್ಲಿ ಹುಟ್ಟಿದ ಭಾಸ್ಕರಾಚಾರ್ಯನು 1150ರಲ್ಲಿ ಮುಗಿಸಿದ ಸಿದ್ಧಾಂತಶಿರೋಮಣಿಯಲ್ಲಿ ಲೀಲಾವತಿಯು ವ್ಯಕ್ತಗಣಿತ, ಬೀಜಗಣಿತವು ಅವ್ಯಕ್ತಗಣಿತ. (ಅವನು ಹೇಳುವ ವಿಜ್ಜಡವಿಡವೆಂಬ ಊರು ಯಾವುದೆಂಬುದರಲ್ಲಿ ವಿದ್ವಾಂಸರಿಗೆ ಒಮ್ಮತವಿಲ್ಲ, ವಿಜಾಪುರವೆನ್ನುವವರೂ ಉಂಟು.) ತಿಳಿದ ರಾಶಿಗಳಿಂದ ಮುಂದಕ್ಕೆ ನಡೆಯುವುದು ವ್ಯಕ್ತ, ತಿಳಿಯದ ರಾಶಿಗೆ ಒಂದು ಹೆಸರಿಟ್ಟು, ತಿಳಿದಿರುವಂತೆಯೇ ಅದರೊಡನೆ ವ್ಯವಹರಿಸಿ, ಕಡೆಯಲ್ಲಿ ಅದರ ಬೆಲೆಯನ್ನು ಹೊರಗೆಳೆಯುವುದು ಅವ್ಯಕ್ತ. ಆ ಹೆಸರುಗಳಾದರೂ ಏನು? ಮೊದಲನೆಯದು ಯಾವತ್ತಾವತ್, ಅನಂತರ ಕಾಲಕ, ನೀಲಕ, ಪೀತಕ, ಲೋಹಿತಕ ಎಂದು ಬಣ್ಣಗಳು. ಅವುಗಳ ಮೊದಲಕ್ಷರಗಳಾದ ಯಾ, ಕಾ, ನೀ, ಪೀ, ಲೋ ಎಂಬಿವೇ ಇಂದಿನ ಮಕ್ಕಳು ಬರೆಯುವ ಎಕ್ಸ್ ವೈ ಜೆಡ್‌ಗಳ ಸ್ಥಾನದಲ್ಲಿ ನಿಂತಿದ್ದವು. ಆದರೆ ಬಣ್ಣದ ಅಕ್ಷರಗಳನ್ನು ಬರೆದ ಮಾತ್ರಕ್ಕೆ ಬೀಜವಾಗದೆಂದೂ ಅದರ ತಿರುಳು ಬುದ್ಧಿಯಲ್ಲಿದೆಯೆಂದೂ ಭಾಸ್ಕರನೇ ಎಚ್ಚರಿಸಿರುವನು. ಅವನ ಬೇಲಿಗಳು ಗಟ್ಟಿಯಾದವೂ ಅಲ್ಲ: ಕುಟ್ಟಕವೆಂಬ ವಿಧಾನವು ಲೀಲಾವತಿಯಲ್ಲಿಯೂ ಬರುವುದು, ಬೀಜಗಣಿತದಲ್ಲಿಯೂ ಬರುವುದು. ಜ್ಯಾಗಳನ್ನು ಸಾಧಿಸುವ ಜ್ಯೋತ್ಪತ್ತಿ, ಎಂದರೆ ಇಂದಿನ ತ್ರಿಕೋಣಮಿತಿಯು, ಈ ಎರಡರಲ್ಲಿಯೂ ಇಲ್ಲದೆ ಗೋಲಾಧ್ಯಾಯದಲ್ಲಿ ಜ್ಯೋತಿಷದ ಜೊತೆಗಿದೆ. ಲಘು ಗುರುಗಳಿಂದ ಮೂರಕ್ಷರದ ಗಣಗಳು ಎಂಟೇ ಏಕೆ ಎಂಬ ಎಣಿಕೆಯಂತೂ ಪಿಂಗಳನ ಛಂದಶ್ಶಾಸ್ತ್ರದ ಮನೆಯಲ್ಲಿಯೇ ಬೆಳೆಯಿತು.

ಗ್ರೀಕರ ದಾರಿ ಬೇರೆ. ಪೈಥಾಗೊರಸನ ಶಿಷ್ಯಪರಂಪರೆಯವರು ವಸ್ತುವನ್ನೇ ಹಿಡಿದು ಭಾಗಿಸಿದರು. ಬಿಡಿಬಿಡಿಯಾಗಿ ಎಣಿಸತಕ್ಕ ಸಂಖ್ಯೆ ಒಂದು ಕಡೆ, ಎಡೆಬಿಡದೆ ಹರಿದಿರುವ ಪರಿಮಾಣವು ಇನ್ನೊಂದು ಕಡೆ. ಕನ್ನಡದಲ್ಲಿ ಹೇಳುವುದಾದರೆ ಎಣಿಕೆ ಮತ್ತು ಅಳತೆ. ಸಂಖ್ಯೆಯನ್ನು ಅದರಷ್ಟಕ್ಕೆ ನೋಡಿದರೆ ಅಂಕಗಣಿತ, ಒಂದಕ್ಕೊಂದರ ಸಂಬಂಧದಲ್ಲಿ ನೋಡಿದರೆ ಸಂಗೀತ. ನಿಂತ ಪರಿಮಾಣವು ರೇಖಾಗಣಿತ, ಚಲಿಸುವ ಪರಿಮಾಣವು ಖಗೋಲ. ಈ ನಾಲ್ಕು ವಿದ್ಯೆಗಳ ಚೌಕಟ್ಟು ಯೂರೋಪಿನ ವಿದ್ಯಾಲಯಗಳಲ್ಲಿ ಶತಮಾನಗಳವರೆಗೆ ನಡೆದುಬಂದಿತು.

ಎಣಿಕೆಗೂ ಅಳತೆಗೂ ನಡುವೆ ಇವರು ಹಾಕಿದ ಬೇಲಿಗೆ ಕಾರಣವಿಲ್ಲದಿರಲಿಲ್ಲ. ಒಂದು ಚೌಕವನ್ನು ಬರೆದು ಅದರ ಮೂಲೆಯಿಂದ ಮೂಲೆಗೆ ಕರ್ಣವನ್ನೆಳೆದರೆ, ಆ ಕರ್ಣಕ್ಕೂ ಬಾಹುವಿಗೂ ಸಮನಾಗಿ ಹೊಂದುವ ಅಳತೆಗೋಲು ಎಷ್ಟು ಚಿಕ್ಕದನ್ನು ತಂದರೂ ಸಿಕ್ಕದೆಂದು ಅವರು ಕಂಡುಕೊಂಡರು. ಇದರ ಯುಕ್ತಿಯು ಸರಳವಾದುದು. ಹಾಗೊಂದು ಕೋಲು ಸಿಕ್ಕಿತೆಂದೇ ಇಟ್ಟುಕೊಂಡರೆ ಕರ್ಣವೂ ಬಾಹುವೂ ಎರಡು ಪೂರ್ಣಸಂಖ್ಯೆಗಳಾಗುವುವು. ಎರಡನ್ನೂ ಒಟ್ಟಿಗೆ ಅರ್ಧಿಸಲಾಗದಷ್ಟು ಮೊದಲೇ ಇಳಿಸಿಕೊಂಡಿರಬಹುದು. ಕರ್ಣದ ವರ್ಗವು ಬಾಹುವಿನ ವರ್ಗದ ಎರಡರಷ್ಟು, ಆದುದರಿಂದ ಕರ್ಣವು ಸಮಸಂಖ್ಯೆ. ಕರ್ಣವು ಸಮವಾದರೆ ಅದರ ವರ್ಗವು ನಾಲ್ಕರಿಂದ ಭಾಗವಾಗುವುದು, ಹೀಗಾಗಿ ಬಾಹುವಿನ ವರ್ಗವೂ ಸಮ, ಬಾಹುವೂ ಸಮ. ಎರಡೂ ಸಮವೆಂದರೆ ಎರಡನ್ನೂ ಅರ್ಧಿಸಬಹುದೆಂದಾಯಿತು. ಅರ್ಧಿಸಲಾಗದೆಂದು ಮೊದಲೇ ಒಪ್ಪಿದ್ದಾಗಿದೆ. ಆದುದರಿಂದ ಅಂತಹ ಕೋಲು ಇಲ್ಲ.

ಕಣ್ಣೆದುರಿಗೆ ಗೆರೆಯಿದೆ, ಅದಕ್ಕೆ ಸಂಖ್ಯೆಯಿಲ್ಲ! ಇಂತಹ ಸ್ಥಿತಿಯಲ್ಲಿ ಗ್ರೀಕರು ಸಂಖ್ಯೆಯ ಅರ್ಥವನ್ನು ವಿಸ್ತರಿಸದೆ, ಗೆರೆಗಳನ್ನು ಸಂಖ್ಯೆಗಳಿಂದ ದೂರವಿಟ್ಟರು. ಕ್ರಿಸ್ತಪೂರ್ವ 300ರ ಸುಮಾರಿನ ಯೂಕ್ಲಿಡನ ಮೂಲತತ್ತ್ವಗಳ ಹದಿಮೂರು ಭಾಗಗಳಲ್ಲಿ ಇದರ ಗುರುತು ಉಳಿದಿದೆ. ಅನುಪಾತವೆಂಬ ಒಂದೇ ವಿಷಯವನ್ನು ಅವನು ಎರಡು ಸಲ ಹೇಳಿರುವನು: ಐದನೆಯ ಭಾಗದಲ್ಲಿ ಪರಿಮಾಣಗಳಿಗೆ, ಏಳನೆಯ ಭಾಗದಲ್ಲಿ ಸಂಖ್ಯೆಗಳಿಗೆ. ಅಡುಗೆಮನೆಯೊಂದೇ ಇರುವಲ್ಲಿ ಎರಡು ಒಲೆ ಹೂಡಿದಂತೆ ಇದು ತೋರುವುದಾದರೂ, ಅವನ ಎಚ್ಚರಿಕೆಯು ಮೆಚ್ಚತಕ್ಕದ್ದೇ. ಸಾಧಿಸದೆ ಒಂದು ಹೆಜ್ಜೆಯನ್ನೂ ಇಡಬಾರದೆಂಬ ಆ ನಿಷ್ಠೆಯೇ ಗ್ರೀಕರ ದೊಡ್ಡ ಕಾಣಿಕೆ.

ಅದೇ ಕರ್ಣವನ್ನು ಶುಲ್ಬಸೂತ್ರಕಾರರು ವೇದಿಗಳನ್ನು ಅಳೆಯುವಾಗ ಎದುರಿಸಿದರು. ಬಾಹುವಿಗೆ ಅದರ ಮೂರನೆಯ ಒಂದು ಭಾಗವನ್ನೂ, ಆ ಭಾಗದ ನಾಲ್ಕನೆಯ ಒಂದನ್ನೂ ಕೂಡಿಸಿ, ಕಡೆಯದರ ಮೂವತ್ತನಾಲ್ಕನೆಯ ಒಂದನ್ನು ಕಳೆಯಬೇಕೆಂಬುದು ಅವರ ಸೂತ್ರ. ಹಾಗೆ ಮಾಡಿದರೆ ಬಾಹುವು 408 ಇರುವಲ್ಲಿ ಕರ್ಣವು 577 ಆಗುವುದು. 577ರ ವರ್ಗವು 3,32,929. 408ರ ವರ್ಗದ ಎರಡರಷ್ಟು 3,32,928. ಮೂರು ಲಕ್ಷದಲ್ಲಿ ಒಂದರ ವ್ಯತ್ಯಾಸ! ಮುಂದಿನ ಭಾರತೀಯ ಗಣಿತಜ್ಞರು ಇಂತಹ ಮೂಲಗಳಿಗೆ ಕರಣಿಗಳೆಂದು ಹೆಸರಿಟ್ಟು, ಅವುಗಳನ್ನು ಕೂಡುವ ಗುಣಿಸುವ ನಿಯಮಗಳನ್ನು ಬೀಜಗಣಿತದಲ್ಲಿ ಸೇರಿಸಿಕೊಂಡರು. ಬೇಲಿಯಿಲ್ಲದ ಕಡೆ ಎತ್ತುಗಳು ಸರಾಗವಾಗಿ ನಡೆದವು. ಇದರಿಂದ ಭಾರತೀಯರಿಗೆ ನಷ್ಟವೇನೂ ಆಗಲಿಲ್ಲವೆಂದು ಹೇಳಿದರೆ ಅದು ಸ್ವದೇಶಾಭಿಮಾನವಾದೀತೇ ಹೊರತು ನ್ಯಾಯವಾಗದು. ಕ್ಷೇತ್ರವು ಎಂಟು ವ್ಯವಹಾರಗಳಲ್ಲಿ ಒಂದಾಗಿ ಲೆಕ್ಕದ ಅಧೀನದಲ್ಲಿಯೇ ಉಳಿದುದರಿಂದ, ಕೆಲವು ಸ್ವೀಕೃತ ತತ್ತ್ವಗಳಿಂದ ಹೊರಟು ಮೆಟ್ಟಲು ಮೆಟ್ಟಲಾಗಿ ಸಾಧಿಸುತ್ತ ಹೋಗುವ ಸ್ವತಂತ್ರ ರೇಖಾಶಾಸ್ತ್ರವು ಇಲ್ಲಿ ಬೆಳೆಯಲಿಲ್ಲ. 18ನೆಯ ಶತಮಾನದ ಆದಿಯಲ್ಲಿ ಸವಾಯಿ ಜಯಸಿಂಹನ ಆಶ್ರಯದಲ್ಲಿದ್ದ ಜಗನ್ನಾಥ ಪಂಡಿತನು ಯೂಕ್ಲಿಡನ ಗ್ರಂಥವನ್ನು ಅರಬ್ಬಿಯಿಂದ ಸಂಸ್ಕೃತಕ್ಕೆ ತಂದು ರೇಖಾಗಣಿತವೆಂದು ಹೆಸರಿಟ್ಟನು. ಶಾಲೆಯ ಮಕ್ಕಳ ಬಾಯಲ್ಲಿದ್ದ ಆ ಹೆಸರು ಹೀಗೆ ಒಂದು ಅನುವಾದ ಗ್ರಂಥದ್ದೂ ಹೌದು.

ಯೂರೋಪಿನ ಬೇಲಿಯನ್ನು ಕಿತ್ತವನು ಫ್ರೆಂಚ್ ತತ್ತ್ವಜ್ಞಾನಿ ದೆಕಾರ್ತ್. ಅವನಿಗಿಂತ ಮುಂಚೆ ಗೆರೆಯನ್ನು ಗೆರೆಯಿಂದ ಗುಣಿಸಿದರೆ ಕ್ಷೇತ್ರ, ಮೂರು ಗೆರೆಗಳನ್ನು ಗುಣಿಸಿದರೆ ಘನ, ನಾಲ್ಕಕ್ಕೆ ಅರ್ಥವೇ ಇಲ್ಲವೆಂದಿತ್ತು. ಕ್ಷೇತ್ರಕ್ಕೆ ಗೆರೆಯನ್ನು ಕೂಡಿಸುವುದು ಸೇರಿಗೆ ಮೊಳವನ್ನು ಕೂಡಿಸಿದಷ್ಟೇ ಅಸಂಗತವೆನಿಸಿತ್ತು. 1637ರಲ್ಲಿ ದೆಕಾರ್ತನು ಒಂದು ಗೆರೆಯನ್ನು ಏಕಮಾನವೆಂದು ಇಟ್ಟುಕೊಂಡು, ಎರಡು ಗೆರೆಗಳ ಗುಣಲಬ್ಧವೂ ಒಂದು ಗೆರೆಯೇ ಆಗುವಂತೆ ಮಾಡಿ ತೋರಿಸಿದನು. ಅಂದಿನಿಂದ ವಕ್ರರೇಖೆಯೊಂದು ಸಮೀಕರಣವಾಯಿತು, ಸಮೀಕರಣವೊಂದು ವಕ್ರರೇಖೆಯಾಯಿತು. ಬಾಗಿಲು ತೆರೆದ ಮೇಲೆ ಮುಂದಿನದು ಬೇಗಬೇಗನೆ ನಡೆಯಿತು. 1654ರಲ್ಲಿ ಪಾಸ್ಕಲ್ ಮತ್ತು ಫರ್ಮಾ ಜೂಜಿನ ಒಂದು ಪ್ರಶ್ನೆಯನ್ನು ಕುರಿತು ಪರಸ್ಪರ ಬರೆದುಕೊಂಡ ಓಲೆಗಳಲ್ಲಿ ಸಂಭಾವ್ಯತೆಯ ಶಾಸ್ತ್ರವು ಮೊಳೆಯಿತು. ಕೇರಳದ ಮಾಧವನ ಪರಂಪರೆಯವರು ಅನಂತಶ್ರೇಢಿಗಳಿಂದ ವೃತ್ತದ ಪರಿಧಿಯನ್ನು ಸಾಧಿಸಿ ಬಹುಕಾಲವಾಗಿದ್ದರೂ ಆ ಸಂಗತಿ ತಿಳಿಯದಿದ್ದ ಯೂರೋಪಿನಲ್ಲಿ ನ್ಯೂಟನ್ ಮತ್ತು ಲೈಬ್‌ನಿಟ್ಸರು 17ನೆಯ ಶತಮಾನದಲ್ಲಿ ಕಲನಶಾಸ್ತ್ರವನ್ನು ಕಟ್ಟಿದರು.

ಕರ್ಣಕ್ಕೆ ಸಂಖ್ಯೆಯೆಲ್ಲಿ ಎಂಬ ಹಳೆಯ ಪ್ರಶ್ನೆಗೆ ಗ್ರೀಕರೂ ಒಪ್ಪುವಂತಹ ಕಟ್ಟುನಿಟ್ಟಾದ ಉತ್ತರವು ದೊರೆತುದು 1872ರಲ್ಲಿ. ಗೆರೆಯ ಮೇಲಿನ ಪ್ರತಿಯೊಂದು ಬಿಂದುವೂ ಭಿನ್ನಸಂಖ್ಯೆಗಳನ್ನು ಎಡಬಲಗಳೆಂದು ಎರಡು ಪಂಗಡ ಮಾಡುವುದು, ಆ ಸೀಳೇ ಸಂಖ್ಯೆಯೆಂದು ಜರ್ಮನಿಯ ಡೆಡೆಕಿಂಡನು ವಿವರಿಸಿದನು. ಎಣಿಕೆಯಿಂದಲೇ ಅಳತೆಯು ಹುಟ್ಟಿತು. ಅದೇ ವರ್ಷ, ಅದೇ ದೇಶದ ಫೆಲಿಕ್ಸ್ ಕ್ಲೈನ್ ಎಂಬ 23 ವರ್ಷದ ಪ್ರಾಧ್ಯಾಪಕನು ಎರ್ಲಾಂಗೆನ್ ಎಂಬ ಊರಿನಲ್ಲಿ ರೇಖಾಗಣಿತಗಳ ವಿಭಾಗಕ್ಕೆ ಹೊಸ ಸೂತ್ರವನ್ನು ಕೊಟ್ಟನು. ಆ ವೇಳೆಗೆ ಯೂಕ್ಲಿಡನದಲ್ಲದ ರೇಖಾಗಣಿತಗಳೂ ಹಲವು ಹುಟ್ಟಿ, ಯಾವುದು ನಿಜವೆಂಬ ಗೊಂದಲವೆದ್ದಿತ್ತು. ಕ್ಲೈನನ ಉತ್ತರವನ್ನು ಒಂದು ಆಕೃತಿಯಿಂದ ತಿಳಿಯಬಹುದು. ತ್ರಿಕೋಣವನ್ನು ಇದ್ದಂತೆಯೇ ಸರಿಸಿದರೆ ಅದರ ಬಾಹುಗಳ ಉದ್ದವೂ ಕೋಣಗಳೂ ಬದಲಾಗವು. ಆ ಬದಲಾಗದವನ್ನು ಹಿಡಿದುದು ಯೂಕ್ಲಿಡನ ಶಾಸ್ತ್ರ. ದೀಪದೆದುರು ಹಿಡಿದು ಓರೆ ಗೋಡೆಯ ಮೇಲೆ ನೆರಳು ಬೀಳಿಸಿದರೆ ಉದ್ದವೂ ಕೋಣವೂ ಕೆಡುವುವು, ನೇರವಾದುದು ಮಾತ್ರ ನೇರವಾಗಿ ಉಳಿಯುವುದು. ಅದನ್ನು ಹಿಡಿದುದು ಪ್ರಕ್ಷೇಪ ರೇಖಾಗಣಿತ. ರಬ್ಬರಿನ ಮೇಲೆ ಬರೆದು ಎಳೆದಾಡಿದರೆ ನೇರವೂ ಹೋಗುವುದು. ಒಳಗು ಹೊರಗುಗಳ ಭೇದವೊಂದು ಉಳಿಯುವುದು. ಅದನ್ನು ಹಿಡಿದುದೇ ಆ ಸಿಕ್ಕುಹಗ್ಗದ ಟೊಪಾಲಜಿ. ಯಾವ ಬದಲಾವಣೆಯನ್ನು ಲೆಕ್ಕಕ್ಕೆ ತಾರದೆ ಬಿಡಬೇಕೆಂದು ನಿಶ್ಚಯಿಸಿದರೆ ಶಾಖೆಯು ತಾನಾಗಿಯೇ ನಿಶ್ಚಯವಾಗುವುದು. ವಿಭಾಗದ ಪ್ರಶ್ನೆಗೆ ಇದಕ್ಕಿಂತ ತೃಪ್ತಿಕರವಾದ ಉತ್ತರವು ಬೇರೆ ಕಾಣದು.

ಶುದ್ಧಗಣಿತ, ಪ್ರಯುಕ್ತಗಣಿತ ಎಂಬ ಇನ್ನೊಂದು ವಿಭಾಗವೂ ರೂಢಿಯಲ್ಲಿದೆ. ಇದನ್ನು ಬಹಳ ಗಂಭೀರವಾಗಿ ಎಣಿಸಬೇಕಾಗಿಲ್ಲ. ಯಾವ ಪ್ರಯೋಜನವೂ ಇಲ್ಲವೆಂದು ತೋರುತ್ತಿದ್ದ ಅವಿಭಾಜ್ಯ ಸಂಖ್ಯೆಗಳ ವಿಚಾರವೇ 1977ರ ಬಳಿಕ ಗುಪ್ತಲಿಪಿಯ ಬೀಗದ ಕೈಯಾಗಿದೆ. ಇಂದು ಶುದ್ಧವೆನಿಸಿದುದು ನಾಳೆ ಅಂಗಡಿಯ ತಕ್ಕಡಿಗೆ ಬರಬಹುದು.

ಈಗ ಲೋಕದ ಗಣಿತಜ್ಞರು ತಮ್ಮ ಪ್ರಬಂಧಗಳನ್ನು ವಿಂಗಡಿಸಲು ಬಳಸುವ ಪಟ್ಟಿಯೊಂದಿದೆ. ಅಮೆರಿಕೆಯ ಮತ್ತು ಜರ್ಮನಿಯ ಎರಡು ವಿಮರ್ಶಾಸಂಸ್ಥೆಗಳು ಕೂಡಿ ಇದನ್ನು ಕಾಲಕಾಲಕ್ಕೆ ತಿದ್ದುವುವು. 2020ರ ಆವೃತ್ತಿಯಲ್ಲಿ 63 ದೊಡ್ಡ ವರ್ಗಗಳಿವೆ. ತರ್ಕ ಮತ್ತು ಗಣಸಿದ್ಧಾಂತಗಳ ತಳಹದಿ, ಸಂಖ್ಯಾಸಿದ್ಧಾಂತ ಹಾಗೂ ಬೀಜಗಣಿತಗಳು, ಕಲನದಿಂದ ಬೆಳೆದ ವಿಶ್ಲೇಷಣಗಳು, ರೇಖಾಗಣಿತ ಟೊಪಾಲಜಿಗಳು, ಸಂಭಾವ್ಯತೆ, ಗಣಕಯಂತ್ರ, ಭೌತಾದಿ ಪ್ರಯೋಗಗಳು ಎಂದು ಅವುಗಳನ್ನು ಸ್ಥೂಲವಾಗಿ ಗುಂಪು ಮಾಡಬಹುದು. ಆದರೆ ಬೇಲಿಯನ್ನು ದಾಟಿದವರಿಗೇ ದೊಡ್ಡ ಫಲಗಳು ದೊರೆತಿರುವುದು. ಫರ್ಮಾ 17ನೆಯ ಶತಮಾನದಲ್ಲಿ ಪುಸ್ತಕದ ಅಂಚಿನಲ್ಲಿ ಗೀಚಿದ ಮಾತು, ಘನಕ್ಕೆ ಘನವನ್ನು ಕೂಡಿಸಿ ಘನವನ್ನು ಪಡೆಯಲಾಗದು, ಅದಕ್ಕೆ ಮೇಲಣ ಘಾತಗಳಿಗೂ ಹೀಗೆಯೇ ಎಂಬುದು, ಕೇಳುವುದಕ್ಕೆ ಶುದ್ಧ ಅಂಕಗಣಿತ. ಅಂಕಗಣಿತದ ಒಳಗೇ ಇದ್ದು ಅದನ್ನು ಸಾಧಿಸಹೊರಟವರು ಮುನ್ನೂರೈವತ್ತು ವರ್ಷಗಳಾದರೂ ಪೂರ್ತಿಯಾಗಿ ಗೆಲ್ಲಲಿಲ್ಲ. ಆಂಡ್ರೂ ವೈಲ್ಸ್ ಎಂಬವರು ರೇಖಾಗಣಿತದ ವಕ್ರರೇಖೆಗಳನ್ನೂ ವಿಶ್ಲೇಷಣದ ಫಲನಗಳನ್ನೂ ಒಂದಕ್ಕೊಂದು ಹೊಂದಿಸಿ ಅದನ್ನು ಸಾಧಿಸಿದರು. ಸಾಧನೆಯು ಅಚ್ಚಾದುದು 1995ರಲ್ಲಿ.

ಈ ಪಟ್ಟಿಯಲ್ಲಿ ಭಾಸ್ಕರನ ವಿಷಯಗಳನ್ನು ಹುಡುಕಿದರೆ ಅವು ಒಂದು ಕಡೆ ಸಿಕ್ಕುವುದಿಲ್ಲ. ಅಂಕಿಗಳನ್ನು ಬೇರೆ ಬೇರೆ ಸಾಲಾಗಿ ಜೋಡಿಸುವ ಅಂಕಪಾಶವು 5ನೆಯ ಸಂಖ್ಯೆಯ ವರ್ಗದಲ್ಲಿದೆ, ಕುಟ್ಟಕವು 11ನೆಯದರಲ್ಲಿ, ಸಂಖ್ಯಾಸಿದ್ಧಾಂತದ ಕೆಳಗೆ, ಕ್ಷೇತ್ರವು 51ರಲ್ಲಿ. ಲೀಲಾವತಿಯನ್ನು ಕುರಿತು ಇಂದು ಯಾರಾದರೂ ಪ್ರಬಂಧವನ್ನು ಬರೆದರೆ ಅದು ಹೋಗಿ ಸೇರುವುದು ಗಣಿತದ ಇತಿಹಾಸಕ್ಕೆ ಮೀಸಲಾದ 1ನೆಯ ವರ್ಗಕ್ಕೆ.